ಕೊನೇ ಕಂಬದ ಮನೆ
(ಸಿಂಗಪುರದಲ್ಲಿ ನಮ್ಮ ರಾಜ್ಯೋತ್ಸವದ ದಿನ ಆಡಿದ ಮಾತು)

ಮೈಕ್ ಮುಂದೆ ನಿಂತು ನನಗೆ ಅಭ್ಯಾಸವಿಲ್ಲ. ಐ.ಟಿ.ಐ. ಓದಿದ ಎಲೆಕ್ಟ್ರಿಷಿಯನ್ ನಾನು, ಗೊತ್ತಿರುವ ಕರೆಂಟಿನ ವಿಷಯವನ್ನೇ ಹೇಳ್ತೀನಿ.

ನಮ್ಮೂರಲ್ಲಿ ಟಿ.ಸಿ. ಇದ್ದದ್ದು ಊರ ಮುಂದೆ. ಲೈನು ಒಂದೊಂದು ಜಾತಿಯವರ ಬೀದಿ ದಾಟಿ ಕಡೆಗೆ ನಮ್ಮ ಕೇರಿಗೆ ಬರುತ್ತಿತ್ತು. ಲೈನು ಉದ್ದ ಆದಷ್ಟೂ ವೋಲ್ಟೇಜ್ ಇಳಿಯುತ್ತೆ. ಸಂಜೆ ಊರೊಳಗೆ ಟಿ.ವಿ. ಓಡುತ್ತಿದ್ದರೆ ನಮ್ಮ ಮನೆಯ ಭಾಗ್ಯಜ್ಯೋತಿ ಬಲ್ಬು ಕೆಂಪಗೆ ಮಿಣುಕುತ್ತಿತ್ತು. "ಕರೆಂಟಿಗೂ ಜಾತಿ ಐತೇನೋ ಮಗಾ?" ಅಂತ ನಮ್ಮವ್ವ ಕೇಳೋಳು. ತಂತಿ ಹರಿದರೆ ಅದು ನಮ್ಮ ಕೇರಿಯ ದೂರು, ಊರಿನ ದೂರಲ್ಲ. ಲೈನ್‌ಮನ್ ಬರೋಕೆ ನಾಲ್ಕು ದಿನ.

ಇಲ್ಲಿಗೆ ಬಂದು ಎಚ್.ಡಿ.ಬಿ. ಫ್ಲಾಟುಗಳಲ್ಲಿ ವೈರಿಂಗ್ ಮಾಡುವಾಗ ಬೇರೆ ಲೆಕ್ಕ ಕಂಡೆ. 1964ರಲ್ಲಿ ಇಲ್ಲೂ ಚೀನೀಯರು, ಮಲಯರ ನಡುವೆ ಗಲಭೆಯಾಗಿ ಜನ ಸತ್ತಿದ್ದರು. 1989ರಲ್ಲಿ ಸರ್ಕಾರ ನಿಯಮ ತಂತು: ಒಂದು ಬ್ಲಾಕಿನಲ್ಲಿ ಚೀನೀಯರು ಶೇ. 87, ಮಲಯರು ಶೇ. 25 ದಾಟುವ ಹಾಗಿಲ್ಲ. ಭಾರತೀಯರಿಗೂ ಮಿತಿ ಇದೆ. ಹಾಗಾಗಿ ಎಷ್ಟೋ ಕಡೆ ಒಂದೇ ಮಹಡಿಯಲ್ಲಿ ಮೂರೂ ಜನ. ಅವರ ಮೀಟರುಗಳು ಅಕ್ಕಪಕ್ಕ, ಕೆಳಗಿಂದ ಬರುವ ಮೇನ್ ಕೇಬಲ್ ಒಂದೇ. ಕೆಟ್ಟರೆ ಎಲ್ಲರ ಮನೆಯೂ ಕತ್ತಲೆ, ಹಾಗಾಗಿ ಎಲ್ಲರೂ ಫೋನ್ ಮಾಡ್ತಾರೆ. ಕರೆಂಟು-ನೀರಿನ ಬಿಲ್ಲಿಗೆ ಸರ್ಕಾರ ಕೊಡೋ ರಿಯಾಯಿತಿ ಕೂಡ ಫ್ಲಾಟಿನ ಅಳತೆ ನೋಡಿ, ಜನಾಂಗ ನೋಡಿ ಅಲ್ಲ.

ಇದರಲ್ಲಿ ಕಷ್ಟವೂ ಇದೆ. ಮಿತಿ ತುಂಬಿದ ಬ್ಲಾಕಿನಲ್ಲಿ ಮಲಯ ಅಥವಾ ಭಾರತೀಯ ಕುಟುಂಬಕ್ಕೆ ಮನೆ ಮಾರೋದು ಕಷ್ಟ, ಕೊಳ್ಳುವವರು ಕಡಿಮೆ. ಇನ್ನು ಡಾರ್ಮಿಟರಿಯಲ್ಲಿರುವ ನನ್ನಂಥವರು ಈ ಲೆಕ್ಕದಲ್ಲೇ ಇಲ್ಲ. 2020ರಲ್ಲಿ ಕೊರೋನ ಬಂದಾಗ, ಬೇರೆ ಇಟ್ಟವರ ಪಾಡು ಏನಾಗುತ್ತೆ ಅಂತ ನಾವೇ ಅನುಭವಿಸಿದ್ವಿ.

ಈಗ ನಮ್ಮ ತಪ್ಪಿನ ವಿಷಯ. ದುಡ್ಡು ಕಳಿಸ್ತೀವಿ, ಮನೆಗೆ ಯು.ಪಿ.ಎಸ್. ಹಾಕಿಸ್ತೀವಿ, ಬೋರ್ ಕೊರೆಸ್ತೀವಿ. ನಾನೂ ಹಾಕಿಸಿದೆ. ಕಳೆದ ಸಲ ಊರಿಗೆ ಹೋದಾಗ ಕರೆಂಟು ಹೋಯ್ತು. ನಮ್ಮನೇಲಿ ಬೆಳಕು, ಪಕ್ಕದ ಚಿಕ್ಕವ್ವನ ಮನೇಲಿ ಬುಡ್ಡಿ ದೀಪ. ಮೊದಲೆಲ್ಲ ಕರೆಂಟು ಹೋದರೆ ಆಫೀಸಿಗೆ ಓಡ್ತಿದ್ದವನು ನಮ್ಮಣ್ಣ. ಅವತ್ತು ಅವನು ಟಿ.ವಿ. ಮುಂದಿಂದ ಏಳಲಿಲ್ಲ.

ಯು.ಪಿ.ಎಸ್. ಬೇಡ ಅನ್ನಲ್ಲ. ಈ ಸಲ ರಜೆಗೆ ಹೋದಾಗ ಕೇರಿಗೇ ಒಂದು ಟಿ.ಸಿ. ಕೊಡಿ ಅಂತ ಅರ್ಜಿ ಬರೀತೀನಿ. ಸಹಿ ಕೇರಿಯವರದು ಮಾತ್ರ ಅಲ್ಲ, ಎಲ್ಲ ಬೀದಿಯವರ ಹತ್ರವೂ ಕೇಳ್ತೀನಿ. ನೀವೂ ನಿಮ್ಮೂರಿಗೆ ಹೋದಾಗ ಕೊನೇ ಕಂಬದವರೆಗೆ ಒಂದು ಸಲ ನಡೆದು ನೋಡ್ಕೊಂಡು ಬನ್ನಿ.