ಪತ್ರಿಕೆಯ ತಲೆಬರಹದಿಂದ ಇಂಗ್ಲಿಷ್ ಪಾಠ



ಕನ್ನಡ ಶಾಲೆಯಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷು ಒಲಿಯದೆಂಬ ಅಳುಕು ನಮ್ಮ ಕಾಸರಗೋಡಿನ ಅನೇಕ ಮನೆಗಳಲ್ಲಿದೆ. ಈ ಅಳುಕಿನಿಂದಲೇ ಎಷ್ಟೋ ಮಕ್ಕಳು ತಾಯ್ನುಡಿಯ ಶಾಲೆಯನ್ನು ತೊರೆಯುತ್ತಿದ್ದಾರೆ. ಆದುದರಿಂದ ವೃತ್ತಪತ್ರಿಕೆಯ ತಲೆಬರಹಗಳಿಂದ ಇಂಗ್ಲಿಷನ್ನು ಕಲಿಸುವ ಸುಲಭೋಪಾಯವೊಂದನ್ನು ತಮ್ಮ ಮುಂದಿಡಬಯಸುತ್ತೇವೆ.

ಮಾನವನು ಚಂದ್ರನ ಮೇಲೆ ನಡೆದ ವಾರ್ತೆಯನ್ನು 1969ರ ಜುಲೈ 21ರ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯು ‘ಮೆನ್ ವಾಕ್ ಆನ್ ಮೂನ್’ ಎಂಬ ನಾಲ್ಕೇ ಪದಗಳಲ್ಲಿ ಸಾರಿತು. ನಡೆದುಹೋದ ಸಂಗತಿಗೆ ‘ವಾಕ್’ ಎಂಬ ವರ್ತಮಾನರೂಪ. ‘ಮೂನ್’ ಪದದ ಹಿಂದೆ ಇರಬೇಕಾದ ‘ದಿ’ ಲೋಪವಾಗಿದೆ. ‘ಮಿನಿಸ್ಟರ್ ಟು ವಿಸಿಟ್ ಸ್ಕೂಲ್’ ಎಂದರೆ ಸಚಿವರ ಭೇಟಿ ಇನ್ನು ಮುಂದೆ. ‘ತ್ರೀ ಇಂಜರ್ಡ್’ ಎಂಬಲ್ಲಿ ‘ವರ್’ ಎಂಬ ಸಹಾಯಕ ಕ್ರಿಯಾಪದವು ಅಡಗಿದೆ. ಇವನ್ನು ತುಂಬಿಸಿ ಪೂರ್ಣವಾಕ್ಯವಾಗಿ ಬರೆಯಿಸಿದರೆ ವ್ಯಾಕರಣವು ತಾನಾಗಿ ಮನಸ್ಸಿನಲ್ಲಿ ನಿಲ್ಲುತ್ತದೆ. ಆದರೆ ಪ್ರಬಂಧ, ಪತ್ರಗಳನ್ನು ತಲೆಬರಹದ ರೀತಿಯಲ್ಲಿ ಬರೆಯಕೂಡದೆಂದು ಮಕ್ಕಳಿಗೆ ಎಚ್ಚರಿಸಬೇಕು.

ಕನ್ನಡ ಪತ್ರಿಕೆಯೂ ‘ಚಂದ್ರನ ಮೇಲೆ ಮಾನವ’ ಎಂದು ಕ್ರಿಯಾಪದವನ್ನು ಬಿಟ್ಟೇ ಬರೆಯುತ್ತದೆ. ಅದನ್ನೋದಿ ಪಳಗಿದ ಮಗುವಿಗೆ ಈ ಅಧ್ಯಾಹಾರವು ಹೊಸತಲ್ಲ. ಆದಕಾರಣ ಮೊದಲು ಕನ್ನಡದ ತಲೆಬರಹ, ಅನಂತರ ಅದೇ ಸುದ್ದಿಯ ಇಂಗ್ಲಿಷ್ ತಲೆಬರಹ, ಹೀಗೆ ದಿನಕ್ಕೊಂದನ್ನು ಮನೆಯಲ್ಲಿ ಓದಿಸಿರಿ. ಕನ್ನಡವೇ ಇಂಗ್ಲಿಷಿಗೆ ಏರುವ ಮೆಟ್ಟಿಲು. ಮೆಟ್ಟಿಲನ್ನು ಕಿತ್ತೊಗೆದು ಮಹಡಿಯನ್ನೇರಿದವರಿಲ್ಲ. ಮಕ್ಕಳನ್ನು ನಿಶ್ಚಿಂತೆಯಿಂದ ಕನ್ನಡ ಶಾಲೆಗೆ ಕಳುಹಿಸಬೇಕೆಂದು ಪ್ರಾರ್ಥಿಸಿ ವಿರಮಿಸುತ್ತೇವೆ.