ನೋಡಿ ಬರಿ, ಅಡಿಗಿಟ್ಟು ಬರೀಬೇಡ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಸ್ವಾಗತ ಸಮಿತಿಯವರು ನನಗೆ 'ಸಾಫ್ಟ್‌ವೇರ್ ಕ್ಷೇತ್ರದ ಅವಕಾಶಗಳು' ಎಂಬ ವಿಷಯ ಕೊಟ್ಟಿದ್ದರು. ಅದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ 2004ರ ಬ್ಯಾಚಿನಲ್ಲೇ ಮೂವರಿದ್ದಾರೆ. ಹಾಗಾಗಿ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ಮಾತಾಡುತ್ತೇನೆ. ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ರಾತ್ರಿ ಊಟವಾದ ಮೇಲೆ ಚಿತ್ರ ಬರೆಯುತ್ತೇನೆ. ಆ ಚಿತ್ರಗಳನ್ನು ಆಟದ ಪುಸ್ತಕ ಅಚ್ಚು ಹಾಕುವವರಿಗೆ ಕಳಿಸಿದಾಗ ಏನಾಯಿತು ಎನ್ನುವುದೇ ನನ್ನ ಮಾತು. ಅದರಲ್ಲಿ ಈ ಶಾಲೆಗೆ ಸೇರಿದ ಒಂದು ತಪ್ಪೊಪ್ಪಿಗೆಯೂ ಇದೆ.

ಆಟದ ಪುಸ್ತಕ ಎಂದರೇನು ಎಂದು ಹಿರಿಯರು ಕೇಳಬಹುದು. ತಾಳಮದ್ದಳೆ ನೋಡಿದವರಿಗೆ ಸುಲಭವಾಗಿ ತಿಳಿಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ; ಕುಳಿತಲ್ಲೇ ಒಬ್ಬರು ಕೃಷ್ಣ, ಒಬ್ಬರು ಭೀಷ್ಮ. ಮಾತನ್ನು ಅಲ್ಲೇ ಕಟ್ಟುತ್ತಾರೆ. ಈ ಆಟವೂ ಹಾಗೆಯೇ. ಮೇಜಿನ ಸುತ್ತ ನಾಲ್ಕೈದು ಜನ ಕುಳಿತು ಒಬ್ಬೊಬ್ಬರೂ ಒಂದೊಂದು ಪಾತ್ರ ವಹಿಸುತ್ತಾರೆ. ಒಬ್ಬರು ಭಾಗವತರಂತೆ ಕಥೆ ನಡೆಸುತ್ತಾರೆ. ವ್ಯತ್ಯಾಸವೆಂದರೆ, ಇಲ್ಲಿ ಕಥೆ ಎಲ್ಲಿಗೆ ಮುಟ್ಟುತ್ತದೆಂದು ಯಾರಿಗೂ ಗೊತ್ತಿಲ್ಲ. ಕೋಟೆ ಗೋಡೆ ಹತ್ತುತ್ತೇನೆ ಎಂದರೆ ದಾಳ ಹಾಕಬೇಕು. ದಾಳ ಕೈಕೊಟ್ಟರೆ ಬಿದ್ದೆ.

ಇಂಥ ಆಟಗಳಲ್ಲಿ ಮೊದಲನೆಯದು 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬ ಇಬ್ಬರು ರಚಿಸಿದ್ದು. ಅಮೆರಿಕದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ, ಒಂದು ಪೆಟ್ಟಿಗೆಯಲ್ಲಿ ಮೂರು ತೆಳು ಪುಸ್ತಕಗಳಾಗಿ ಹೊರಬಂತು. ಮೊದಲು ಅಚ್ಚಾದದ್ದು ಬರೀ ಸಾವಿರ ಪ್ರತಿ. ವರ್ಷ 1974. ಅಂದರೆ ನಮ್ಮ ಶಾಲೆಯೂ ಆ ಆಟವೂ ಒಂದೇ ವಯಸ್ಸಿನವು.

ಇಂದು ಆ ಆಟದ ಪುಸ್ತಕಗಳು ಮುನ್ನೂರು ಪುಟದ ದಪ್ಪ ಹೊತ್ತಗೆಗಳು, ತುಂಬ ವರ್ಣಚಿತ್ರಗಳು. ಚಿತ್ರ ಅಂದಕ್ಕಾಗಿ ಮಾತ್ರವಲ್ಲ. 'ಗುಹೆಯ ಬಾಗಿಲಲ್ಲಿ ಒಂದು ಪ್ರಾಣಿ ನಿಂತಿದೆ' ಎಂದರೆ ಐವರ ತಲೆಯಲ್ಲಿ ಐದು ಪ್ರಾಣಿ ಮೂಡುತ್ತವೆ. ಒಂದು ಚಿತ್ರ ತೋರಿಸಿದರೆ ಐವರೂ ಒಂದೇ ಗುಹೆಯ ಮುಂದೆ ನಿಲ್ಲುತ್ತಾರೆ. ಅದಕ್ಕಾಗಿ ಪ್ರಕಾಶಕರು ಹೊರಗಿನ ಕಲಾವಿದರಿಂದ ಚಿತ್ರ ಬರೆಸುತ್ತಾರೆ. ಬರೆಯಬಯಸುವವರು ಮೊದಲು ತಮ್ಮ ಕೆಲಸದ ಮಾದರಿ ಚಿತ್ರಗಳ ಸಂಗ್ರಹವನ್ನು ಕಳಿಸಬೇಕು. ಅದಕ್ಕೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ.

ಆಫೀಸಿನ ಗೆಳೆಯರ ಜೊತೆ ಮೂರು ವರ್ಷ ಈ ಆಟ ಆಡಿದ ಧೈರ್ಯದ ಮೇಲೆ ನಾನೂ ಕಳಿಸಿದೆ. ಒಟ್ಟು ನಲವತ್ತು ಚಿತ್ರ! ಹೂಕುಂಡ, ಸೂರ್ಯಾಸ್ತ, ಸಿನಿಮಾ ನಟರು, ಗಣಪತಿ, ನಡುವೆ ನಾಲ್ಕೈದು ಯೋಧರು. ಹೆಚ್ಚು ಕಳಿಸಿದರೆ ಹೆಚ್ಚು ಅಂಕ ಬರುತ್ತದೆ ಎಂಬ ಪರೀಕ್ಷೆಯ ಬುದ್ಧಿ. ಏಳು ಪ್ರಕಾಶಕರಲ್ಲಿ ಆರು ಮಂದಿ ಉತ್ತರಿಸಲಿಲ್ಲ. ಏಳನೆಯದು ಸಣ್ಣ ಸಂಸ್ಥೆ. ಅಲ್ಲಿ ಚಿತ್ರಗಳನ್ನು ಆರಿಸುವ ಕಲಾ ನಿರ್ದೇಶಕಿ ಎರಡೇ ಸಾಲು ಬರೆದರು: 'ಹನ್ನೊಂದನೆಯ ಚಿತ್ರದ ಯೋಧನ ನಿಲುವು ನಾನು ಬಲ್ಲ ಒಂದು ಹಳೆಯ ಮುಖಪುಟದಂತಿದೆ. ಇದು ನಿಮ್ಮದೇ?'

ನನ್ನದಲ್ಲ. ಆ ಮುಖಪುಟವನ್ನು ಕಂಪ್ಯೂಟರ್ ಪರದೆಯಲ್ಲಿ ಅಡಿಗಿಟ್ಟು, ಮೇಲೆ ಗೆರೆ ಎಳೆದು, ಕತ್ತಿಯನ್ನೂ ಬಣ್ಣವನ್ನೂ ಬದಲಿಸಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ. ನಡುರಾತ್ರಿ ನೆನಪಾದದ್ದು ಈ ಶಾಲೆ.

ಒಂಬತ್ತನೆಯ ತರಗತಿಯಲ್ಲಿ ನನಗೆ ತಾಲ್ಲೂಕು ಮಟ್ಟದ ಚಿತ್ರಕಲಾ ಬಹುಮಾನ ಬಂದಿತ್ತು. ಪ್ರಾರ್ಥನೆಯ ಹೊತ್ತಿನಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದ್ದಿರಿ. ಆ ಚಿತ್ರ ಬಹಳ ದಿನ ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ತೂಗುತ್ತಿತ್ತು. ಅದನ್ನು ನಾನು ಅಂಗಡಿಯ ಕ್ಯಾಲೆಂಡರನ್ನು ಕಿಟಕಿ ಗಾಜಿಗೆ ಒತ್ತಿ, ಮೇಲೆ ಹಾಳೆ ಇಟ್ಟು ತೆಗೆದಿದ್ದೆ. ನಮ್ಮ ಡ್ರಾಯಿಂಗ್ ಮೇಷ್ಟ್ರು ಲೋಯರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡಿಸುವಾಗ ಬಿಂದಿಗೆ, ಚೊಂಬು ಮುಂದಿಟ್ಟು ಒಂದೇ ಮಾತು ಹೇಳುತ್ತಿದ್ದರು: 'ನೋಡಿ ಬರಿ, ಅಡಿಗಿಟ್ಟು ಬರೀಬೇಡ.' ಕೇಳಿದ್ದೆ, ಪಾಲಿಸಿರಲಿಲ್ಲ.

'ಅಭ್ಯಾಸಕ್ಕೆ ಬರೆದದ್ದು, ತಪ್ಪಿ ಸೇರಿಕೊಂಡಿತು' ಎಂದು ಉತ್ತರಿಸಿ ಜಾರಿಕೊಳ್ಳಬಹುದಿತ್ತು. ಹಾಗೆ ಬರೆದೂ ಇದ್ದೆ, ಕಳಿಸಲಿಲ್ಲ. ಬೆಳಿಗ್ಗೆ ಅದನ್ನು ಅಳಿಸಿ, 'ನನ್ನದಲ್ಲ, ಅಡಿಗಿಟ್ಟು ಬರೆದದ್ದು, ಕ್ಷಮಿಸಿ' ಎಂದು ಕಳಿಸಿದೆ. ಅವರು ಉತ್ತರಿಸಿದರು: 'ನಿಜ ಹೇಳಿದ್ದಕ್ಕೆ ಧನ್ಯವಾದ. ಈಗ ಕೆಲಸ ಕೊಡಲಾರೆ. ಒಂದು ವರ್ಷ ಕಣ್ಣಾರೆ ನೋಡಿ ಬರೆಯಿರಿ. ಹತ್ತೇ ಚಿತ್ರ ಕಳಿಸಿ.'

ಆ ವರ್ಷ ನಿಜವಾಗಿ ಕಲಿತೆ. ನನ್ನ ಹೆಂಡತಿ ಸೌಟು ಹಿಡಿದು ಕತ್ತಿ ವರಸೆಗೆ ನಿಂತಳು; ಪಕ್ಕದಿಂದ ಟಾರ್ಚ್ ಹಿಡಿದು ನೆರಳು ಎಲ್ಲಿ ಬೀಳುತ್ತದೆಂದು ನೋಡಿದೆ. ಊರಿಗೆ ಬಂದಾಗ ಕುಲುಮೆಯ ಮುಂದೆ ಕುಳಿತೆ. ಸುತ್ತಿಗೆ ಎತ್ತಿದವನ ಹೆಗಲು, ಸೊಂಟ, ಹಿಮ್ಮಡಿ ಮೂರೂ ಒಟ್ಟಿಗೆ ತಿರುಗುತ್ತವೆ ಎನ್ನುವುದು ಅಡಿಗಿಟ್ಟು ಬರೆಯುವವರೆಗೂ ನನಗೆ ತಿಳಿದಿರಲಿಲ್ಲ. ಇನ್ನೊಬ್ಬರ ಗೆರೆಯ ಮೇಲೆ ಎಳೆದಾಗ ಕೈಗೆ ಅಭ್ಯಾಸವಾಗುತ್ತದೆ, ಕಣ್ಣಿಗೆ ಏನೂ ಸಿಗುವುದಿಲ್ಲ.

ಎರಡನೆಯ ಸಲ ಹತ್ತೇ ಚಿತ್ರ. ಆ ಪುಸ್ತಕಗಳಿಗೆ ಬೇಕಾದವನ್ನೇ ಆರಿಸಿದೆ: ಕೆಲಸದಲ್ಲಿ ತೊಡಗಿದ ಮನುಷ್ಯರು, ಒಂದೆರಡು ಕಲ್ಪಿತ ಪ್ರಾಣಿ, ಒಂದು ಸ್ಥಳ, ಕೆಲವು ಸಾಮಾನು. ಹತ್ತರಲ್ಲಿ ಒಂದು ದುರ್ಬಲವಾಗಿದ್ದರೂ ನೋಡುವವರು ಆ ಒಂದರಿಂದಲೇ ನಮ್ಮನ್ನು ಅಳೆಯುತ್ತಾರೆ. ಜೊತೆಗೆ ನಾಲ್ಕು ಸಾಲಿನ ಪತ್ರ: ನಾನು ಯಾರು, ಏನು ಬರೆಯಬಲ್ಲೆ, ಒಂದು ಚಿತ್ರಕ್ಕೆ ಎಷ್ಟು ದಿನ ಬೇಕು. ಎರಡು ತಿಂಗಳ ಮೇಲೆ ಕಾಲು ಪುಟದ ಒಂದು ಚಿತ್ರದ ಕೆಲಸ ಬಂತು. ದೋಣಿ ಕಾಯುವ ಮುದುಕಿ. ಒಂದು ಪ್ಯಾರಾ ವಿವರಣೆ ಕೊಟ್ಟಿದ್ದರು. ಮೂರು ಕಚ್ಚಾ ಗೆರೆಚಿತ್ರ ಕಳಿಸಿದೆ. ಒಂದನ್ನು ಒಪ್ಪಿ, 'ಅವಳು ಯಾರ ದಾರಿ ನೋಡುತ್ತಿದ್ದಾಳೆ?' ಎಂದು ಕೇಳಿದರು. ಮುಖ ತಿದ್ದಿದೆ. ಬಂದ ಹಣ ಬೆಂಗಳೂರಿನ ಒಂದು ವಾರದ ಬಾಡಿಗೆಗೂ ಸಾಲದು. ಆದರೆ ಪುಸ್ತಕದ ಮೊದಲ ಪುಟದಲ್ಲಿ ಕಲಾವಿದರ ಸಾಲಿನಲ್ಲಿ ನನ್ನ ಹೆಸರಿದೆ.

ಈ ದಾರಿ ಹಿಡಿಯುವ ಮಕ್ಕಳಿಗೆ ಎರಡು ಮಾತು. ಮೊದಲನೆಯದು, ನೌಕರಿಯಲ್ಲಿದ್ದರೆ ಹೊರಗಿನ ಕೆಲಸಕ್ಕೆ ಕಂಪನಿಯ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಎರಡನೆಯದು, ಕರಾರು ಓದದೆ ಸಹಿ ಹಾಕಬೇಡಿ. ಅನೇಕ ವಿದೇಶಿ ಕರಾರುಗಳಲ್ಲಿ ಚಿತ್ರದ ಎಲ್ಲ ಹಕ್ಕೂ ಪ್ರಕಾಶಕರಿಗೇ ಹೋಗುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವಹಿಸಿಕೊಡುವುದು ಬರಹದಲ್ಲೇ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಲೆಕ್ಕ. ಏನನ್ನು ಕೊಡುತ್ತಿದ್ದೇವೆ ಎಂದು ತಿಳಿದು ಕೊಡಬೇಕು.

ಈಗ ಕಂಪ್ಯೂಟರಿಗೆ ನಾಲ್ಕು ಪದ ಹೇಳಿದರೆ ಚಿತ್ರ ಬರುತ್ತದಲ್ಲ, ಕಲಿಯುವುದೇಕೆ ಎಂದು ಮಕ್ಕಳು ಕೇಳುತ್ತಾರೆ. ಅಂಥ ಸಾಧನಗಳ ಹತ್ತಿರವೇ ನನ್ನ ಹಗಲು ಕೆಲಸ, ಅವನ್ನು ಹಳಿಯುವುದಿಲ್ಲ. ಆದರೆ 2023ರಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಒಂದು ಪುಸ್ತಕದ ಕೆಲವು ಚಿತ್ರಗಳಲ್ಲಿ ಕೃತಕ ಬುದ್ಧಿಮತ್ತೆಯ ಕೈವಾಡವನ್ನು ಓದುಗರೇ ಪತ್ತೆಹಚ್ಚಿದರು. ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ, ಕಲಾವಿದರು ಅದನ್ನು ಬಳಸಬಾರದೆಂದು ನಿಯಮ ತಿದ್ದಿತು. 1974ರ ಆ ಮೊದಲ ಪೆಟ್ಟಿಗೆಯಲ್ಲೂ ಕೆಲವು ಚಿತ್ರಗಳು ಮಾರ್ವೆಲ್ ಕಾಮಿಕ್ಸ್‌ನಿಂದ ನಕಲಾದವು. ಐವತ್ತು ವರ್ಷದ ನಂತರವೂ ಜನ ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸುತ್ತಾರೆ.

ನಾನೂ ಇಪ್ಪತ್ತು ವರ್ಷ ಮುಚ್ಚಿಟ್ಟಿದ್ದೆ. ಇವತ್ತು ಬೆಳಿಗ್ಗೆ ಮೇಷ್ಟ್ರ ಕಾಲಿಗೆ ನಮಸ್ಕರಿಸಿ ಕ್ಯಾಲೆಂಡರಿನ ವಿಷಯ ಹೇಳಿದೆ. ಅವರು ನಕ್ಕು, 'ಗೊತ್ತಿತ್ತು ಕಣೋ. ನಿನ್ನ ಕೈಗೆ ಅಷ್ಟು ನೇರ ಗೆರೆ ಎಲ್ಲಿ ಬರ್ತಿತ್ತು? ನೀನೇ ಬಂದು ಹೇಳ್ತೀಯೇನೋ ಅಂತ ಸುಮ್ಮನಿದ್ದೆ' ಎಂದರು. ಅವರು ಈ ಸಭೆಯಲ್ಲೇ ಇದ್ದಾರೆ. ಆ ಬಹುಮಾನದ ಸ್ಟೀಲ್ ತಟ್ಟೆಯನ್ನು ಶಾಲೆಗೆ ಹಿಂದಿರುಗಿಸಲು ತಂದಿದ್ದೇನೆ.

ಮೇಷ್ಟ್ರು ನಿವೃತ್ತರಾದ ಮೇಲೆ ಆ ಹುದ್ದೆ ಖಾಲಿಯೇ ಇದೆ. ಮಕ್ಕಳ ಮುಂದೆ ಬಿಂದಿಗೆ ಇಡುವವರಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ನಾನು ಬರುತ್ತೇನೆ, ಹಾಳೆ ಪೆನ್ಸಿಲ್ ನನ್ನ ಖರ್ಚು. ಉಳಿದ ಶನಿವಾರಗಳಿಗೆ ನಮ್ಮಲ್ಲಿ ಚಿತ್ರ ಬಲ್ಲವರು ಒಬ್ಬೊಬ್ಬರು ಹೆಸರು ಕೊಡಿ ಎಂದು ಹಳೆಯ ವಿದ್ಯಾರ್ಥಿ ಸಂಘವನ್ನು ಕೇಳಿಕೊಳ್ಳುತ್ತೇನೆ. ಊಟದ ಸಾಲಿನ ಪಕ್ಕದ ಮೇಜಿನ ಮೇಲೆ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಮೊದಲ ಹೆಸರು ಬರೆದಾಗಿದೆ.