ಫೋನಿನಲ್ಲಿ ಅಂಜಿಸಿದರೆ ಮನೆಯಲ್ಲಿ ಹೇಳಿ

(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿ, ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಕಂಪ್ಯೂಟರ್ ಕೆಲಸ ಹಿಡಿದಾಗಿನಿಂದ ಊರಿಗೆ ಬಂದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಒಂದೇ: ‘ತಮ್ಮಾ, ಫೋನಿನ್ಯಾಗ ರೊಕ್ಕ ಇಟ್ಟರ ಏನೂ ಆಗೂದಿಲ್ಲಲ್ಲ?’ ಇಂದು ಅದಕ್ಕೇ ಉತ್ತರ ಹೇಳುತ್ತೇನೆ.

2025ರ ಮಾರ್ಚ್‌ನಲ್ಲಿ ನಮ್ಮ ಕಿತ್ತೂರಿನ ಪಕ್ಕದ ಖಾನಾಪುರ ತಾಲೂಕಿನಲ್ಲಿ ವೃದ್ಧ ದಂಪತಿ ಪ್ರಾಣ ಕಳೆದುಕೊಂಡರು. ದೆಹಲಿಯ ಅಧಿಕಾರಿಗಳೆಂದು ಹೇಳಿಕೊಂಡವರು ಫೋನಿನಲ್ಲಿ ಬೆದರಿಸಿ, ಅವರಿಂದ ಸುಮಾರು 50 ಲಕ್ಷ ರೂಪಾಯಿ ಕಿತ್ತುಕೊಂಡಿದ್ದರು. ಇದಕ್ಕೆ ‘ಡಿಜಿಟಲ್ ಅರೆಸ್ಟ್’ ಎನ್ನುತ್ತಾರೆ. ಅಂಥ ಬಂಧನ ನಮ್ಮ ಯಾವ ಕಾನೂನಿನಲ್ಲಿಯೂ ಇಲ್ಲ. ಇದನ್ನು ಪ್ರಧಾನಮಂತ್ರಿಯವರೇ 2024ರ ಅಕ್ಟೋಬರ್ 27ರ ‘ಮನ್ ಕಿ ಬಾತ್’ನಲ್ಲಿ ಹೇಳಿದ್ದರು. ಐದು ತಿಂಗಳಲ್ಲಿ ನಮ್ಮ ಪಕ್ಕದಲ್ಲೇ ಎರಡು ಜೀವ ಹೋದವು.

ಚನ್ನಮ್ಮನ ನಾಡಿನವರು ನಾವು, ಅಂಜುವವರಲ್ಲ ಎಂದು ಪ್ರತಿ ಭಾಷಣದಲ್ಲೂ ಹೇಳುತ್ತೇವೆ. ಆದರೆ ‘ನಿಮ್ಮ ಮೇಲೆ ಕೇಸಾಗಿದೆ, ಯಾರಿಗೂ ಹೇಳಬೇಡಿ’ ಎಂದರೆ ಕೈಕಾಲು ನಡುಗುತ್ತವೆ. ‘ಯಾರಿಗೂ ಹೇಳಬೇಡಿ’ ಎಂಬ ಮಾತೇ ಕಳ್ಳನ ಗುರುತು. ಫೋನ್ ಇಡಿ. ಮಗನಿಗೋ, ಸೊಸೆಗೋ, ಪಕ್ಕದ ಮನೆಯವರಿಗೋ ಹೇಳಿ.

ಇನ್ನು ಅಂಗಡಿಯವರಿಗೆ ನಾಲ್ಕು ಮಾತು. ಸವದತ್ತಿ ಗುಡ್ಡದಲ್ಲಿ ಹುಣ್ಣಿಮೆ ಗದ್ದಲದಾಗ ಕಾಯಿ, ಭಂಡಾರ ಮಾರುವವರು ಗಿರಾಕಿಯ ಮೊಬೈಲ್ ಪರದೆ ನೋಡಿ ನಂಬಬಾರದು. ನಿಮ್ಮ ಖಾತೆಗೆ ಹಣ ಬಂದಿದೆಯೇ ನೋಡಿ. ದಿನಾ ಬೆಳಿಗ್ಗೆ ನಿಮ್ಮ ಕ್ಯೂಆರ್ ಚೀಟಿಯನ್ನು ನೀವೇ ಸ್ಕ್ಯಾನ್ ಮಾಡಿ. ಅದರ ಮೇಲೆ ಬೇರೆಯವರ ಚೀಟಿ ಅಂಟಿಸಿರಬಹುದು. ಬೈಲಹೊಂಗಲ ಪೇಟೆಯ ವ್ಯಾಪಾರಿಗಳೇ, ಹಣ ಕೊಡುವಾಗ ಮಾತ್ರ ಪಿನ್ ಬೇಕು, ಬರುವಾಗ ಬೇಡ. ರಾಮದುರ್ಗದ ನೇಕಾರ ಬಂಧುಗಳೇ, ವಾಟ್ಸ್‌ಆ್ಯಪ್‌ನಲ್ಲಿ ಲಗ್ನಪತ್ರಿಕೆ, ಸೀರೆ ಆರ್ಡರ್ ಎಂದು ಬರುವ ‘ಎಪಿಕೆ’ ಫೈಲ್ ಒತ್ತಬೇಡಿ. ಅದು ಫೋನಿನೊಳಗೆ ಕುಳಿತು ಒಟಿಪಿ ಕದಿಯಬಲ್ಲದು. ವ್ಯಾಪಾರಕ್ಕೆ ಬೇರೆ ಖಾತೆ ಇಡಿ, ಅದರಲ್ಲಿ ಬೇಕಾದಷ್ಟೇ ಹಣವಿರಲಿ. ರೈತ ಬಾಂಧವರು ಆಧಾರ್‌ನ ಹೆಬ್ಬೆಟ್ಟಿನ ಗುರುತನ್ನು ಲಾಕ್ ಮಾಡಿಸಿ, ಬೇಕಾದಾಗ ತೆರೆಸಿರಿ.

ಇಷ್ಟಾದರೂ ಹಣ ಹೋದರೆ? ತಕ್ಷಣ 1930ಕ್ಕೆ ಫೋನ್ ಮಾಡಿ. ಕಳ್ಳರು ಹಣವನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿಸುತ್ತ ಹೋಗುತ್ತಾರೆ. ಅದು ಯಾವುದಾದರೂ ಖಾತೆಯಲ್ಲಿ ಇರುವಾಗಲೇ ಬ್ಯಾಂಕಿಗೆ ತಡೆಹಿಡಿಯಲು ಸಾಧ್ಯ. ಮರ್ಯಾದೆಗೆ ಅಂಜಿ ಒಂದು ರಾತ್ರಿ ಸುಮ್ಮನಿದ್ದರೆ ಆ ರಾತ್ರಿ ಕಳ್ಳನಿಗೇ ಲಾಭ. ಆಮೇಲೆ ಬ್ಯಾಂಕಿಗೆ ತಿಳಿಸಿ, ಠಾಣೆಯಲ್ಲಿ ದೂರು ಕೊಡಿ.

ಕೊನೆಗೆ ನನ್ನ ವಯಸ್ಸಿನವರಿಗೆ ಒಂದು ಮಾತು. ಅಪ್ಪನೋ ಅವ್ವನೋ ಮೋಸಹೋದರೆ ‘ನಿಮಗ ತಿಳಿಯೂದಿಲ್ಲೇನು?’ ಎಂದು ಬೈಯಬೇಡಿ. ಒಮ್ಮೆ ಬೈಸಿಕೊಂಡವರು ಎರಡನೆಯ ಸಲ ನಮಗೆ ಹೇಳುವುದೇ ಇಲ್ಲ. ಹೋದ ರೊಕ್ಕ ದುಡಿದು ತರಬಹುದು, ಹೋದ ಜೀವ ಬರುವುದಿಲ್ಲ.

ಗುರುಗಳಲ್ಲಿ ನನ್ನ ವಿನಂತಿ ಇಷ್ಟೆ: ಶಾಲೆಯ ಗೋಡೆಯ ಮೇಲೆ ಸುಭಾಷಿತದ ಪಕ್ಕದಲ್ಲಿ ‘1930’ ಎಂದು ದೊಡ್ಡದಾಗಿ ಬರೆಸಿರಿ. ಮಕ್ಕಳು ಅದನ್ನು ಮನೆಗೆ ಒಯ್ಯುತ್ತಾರೆ.